ಕಡಲಿಗೆ ಕಟ್ಟಿದ ಗಂಟು

ವಾಚನಾಲಯದ ಹುಡುಗರು ನನ್ನ ಹತ್ತಿರ ಹಾಡು ಕೇಳೋಕೆ ಬರುವವರು. ಈ ಸಲ ಬಂದು, "ಐಯಾ, ಹಾಡು ಬೇಡ, ಒಂದು ಬರಹ ಕೊಡಿ" ಅಂದರು. ನಾನು ಓದಿದ್ದು ಏಳನೇ ಕ್ಲಾಸು. ಅದೂ ನಮ್ಮ ಬೆಟ್ಟದಲ್ಲಿ ಅಲ್ಲ, ಗುಂಡ್ಲುಪೇಟೆ ಕಡೆ ಸೋದರತ್ತೆ ಮನೆಯಲ್ಲಿ ಇದ್ದುಕೊಂಡು ಕನ್ನಡ ಶಾಲೆಯಲ್ಲಿ. ಆಮೇಲೆ ಕೀಳ್ ಕೋತಗಿರಿಗೆ ವಾಪಸು ಬಂದು ಹಿಡಿದದ್ದು ಗುದ್ದಲಿ. ಮನೆಯಲ್ಲಿ ಆಡೋದು ಬಡಗ ಮಾತು, ಸಂತೆಯಲ್ಲಿ ತಮಿಳು, ಓದೋದು ಮಾತ್ರ ಕನ್ನಡ. ಹಾಗಾಗಿ ನನ್ನ ಬರಹದಲ್ಲಿ ಮೂರೂ ಕಡೆಯ ಮಣ್ಣು ಅಂಟಿಕೊಂಡಿರುತ್ತದೆ. ಓದುವವರು ಕೊಡವಿಕೊಂಡು ಓದಬೇಕು.

ಏನು ಬರೆಯೋದು ಅಂತ ಯೋಚಿಸಿದೆ. ಟೀ ಬೆಲೆ ಬಗ್ಗೆ ಬರೆದರೆ ಅಳು, ಕಾಡೆಮ್ಮೆ ಬಗ್ಗೆ ಬರೆದರೆ ಸಿಟ್ಟು. ಕೊನೆಗೆ, 2025ರ ಏಪ್ರಿಲ್‌ನಲ್ಲಿ ನಾವು ಮನೆಮಂದಿ ಮಲ್ಪೆಯ ಕಡಲು ನೋಡೋಕೆ ಹೋದದ್ದನ್ನೇ ಬರೆಯೋಣ ಅನ್ನಿಸಿತು. ಕಡಲಿನ ವರ್ಣನೆ ನನಗೆ ಬರೋದಿಲ್ಲ. ಹೋಗುವಾಗ ಏನೇನು ಕಟ್ಟಿಕೊಂಡೆವು, ಏನು ಬಿಟ್ಟೆವು ಅನ್ನೋದೇ ಇಲ್ಲಿ ಮುಖ್ಯ ಸಂಗತಿ.

ಮೈಸೂರಿನಲ್ಲಿರುವ ಮಗಳು ಶಾಲೆ ರಜಕ್ಕೆ ಮಕ್ಕಳನ್ನು ಕರೆದುಕೊಂಡು ನಮ್ಮನೆಗೆ ಬಂದಿದ್ದಳು. ಮೊಮ್ಮಗಳಿಗೆ ಹನ್ನೊಂದು, ಮೊಮ್ಮಗನಿಗೆ ಆರು. ಅಳಿಯ ಅಲ್ಲೇ ಕೆಲಸದಲ್ಲಿ. ನಾವೆಲ್ಲ ಕೊಯಮತ್ತೂರಿನಿಂದ ರೈಲಿನಲ್ಲಿ ಮಂಗಳೂರಿಗೆ ಹೋಗೋದು, ಅಲ್ಲಿಂದ ಉಡುಪಿ. ಅಳಿಯ ಮೈಸೂರಿನಿಂದ ನೇರ ಉಡುಪಿಗೆ ಬಸ್ಸಿನಲ್ಲಿ ಬರೋದು. ಮಲ್ಪೆಯಲ್ಲಿ ಮೂರು ರಾತ್ರಿ ಇರೋದು. ಆಮೇಲೆ ಮಗಳು ಅಳಿಯ ಮೈಸೂರಿಗೆ, ಮಕ್ಕಳು ಉಳಿದ ರಜಕ್ಕೆ ನಮ್ಮ ಜೊತೆ ಬೆಟ್ಟಕ್ಕೆ. ಹೀಗೆ ಮಾತಾಯಿತು. ನಾನು ಹಿಂದೆ ಒಮ್ಮೆ ಹಾಡೋಕೆ ಹೋದಾಗ ಮದ್ರಾಸಿನ ಮರೀನಾ ನೋಡಿದ್ದೆ. ನನ್ನ ಹೆಂಡತಿ ಅರವತ್ತು ದಾಟಿದವಳು, ಕಡಲು ಕಂಡವಳೇ ಅಲ್ಲ. ಕೊಡನಾಡಿನ ತುದಿಯಲ್ಲಿ ನಿಂತು ಕೆಳಗಿನ ಬಯಲಿನ ಮೇಲೆ ಮಂಜು ಹರಡಿದ್ದನ್ನು ನೋಡಿ, "ಕಡಲು ಹೀಗೇ ಇರುತ್ತಂತೆ" ಅಂತ ಮದುವೆಯಾದ ಹೊಸದರಲ್ಲಿ ಹೇಳಿದ್ದಳು. ಅಲ್ಲಿಂದ ಈಚೆಗೆ ನಲವತ್ತು ವರ್ಷ ಎಲೆ ಕಿತ್ತಳು.

ಹೊರಡುವ ಹಿಂದಿನ ದಿನ ಮೊಮ್ಮಗಳು ಒಂದು ಕಾನೂನು ಮಾಡಿದಳು. "ಒಬ್ಬರಿಗೆ ಒಂದೇ ಬ್ಯಾಗ್. ಅವರವರ ಬ್ಯಾಗ್ ಅವರವರೇ ಎತ್ತಬೇಕು. ಎತ್ತೋಕೆ ಆಗಲ್ಲ ಅಂದ್ರೆ ಬಿಚ್ಚಿ ತೆಗೀಬೇಕು." ಒಳ್ಳೇ ಕಾನೂನು ಅಂತ ನಾನು ಚಪ್ಪಾಳೆ ತಟ್ಟಿದೆ. ನನಗೇನು? ಹಾಡುಗಾರನ ಚೀಲ ಯಾವಾಗಲೂ ಹಗುರ. ಒಂದು ಪಂಚೆ, ಒಂದು ಅಂಗಿ, ಒಂದು ಟವಲು, ಹಾಡು ಬರೆದುಕೊಳ್ಳುವ ನೋಟ್‌ಬುಕ್ಕು. ಸಾವಿರ ಹಾಡು ತಲೆಯಲ್ಲಿದ್ದರೂ ಬಸ್ಸಿನಲ್ಲಿ ಅದಕ್ಕೆ ಲಗೇಜು ಚಾರ್ಜು ಕೇಳುವವರಿಲ್ಲ.

ಎಲೆ ತೂಗುವ ನೇತುಹಾಕುವ ತಕ್ಕಡಿ ನಮ್ಮ ಜಗಲಿಯ ತೊಲೆಗೆ ಸದಾ ತೂಗಾಡುತ್ತಿರುತ್ತದೆ. ಮೊಮ್ಮಗಳು ಒಂದೊಂದೇ ಚೀಲವನ್ನು ಅದರ ಕೊಕ್ಕೆಗೆ ಸಿಕ್ಕಿಸಿದಳು. ಅವಳದು ಐದು ಕಿಲೋ. ತಮ್ಮನದು ಎರಡು. ಮಗಳದು ಎಂಟು. ನನ್ನದು ಮೂರು, ನಾನು ಮೀಸೆ ತಿರುವಿದೆ. ಕೊನೆಗೆ ಅಜ್ಜಿಯ ಚೀಲ. ನಾನೂ ಮಗಳೂ ಸೇರಿ ಎತ್ತಿ ಸಿಕ್ಕಿಸಬೇಕಾಯಿತು. ಮುಳ್ಳು ಹದಿನಾಲ್ಕಕ್ಕೆ ಹೋಗಿ ನಿಂತಿತು.

"ಅಜ್ಜಿ, ಇದು ಬ್ಯಾಗಲ್ಲ, ಎಲೆ ಮೂಟೆ" ಅಂದಳು ಹುಡುಗಿ. ಎಲ್ಲರೂ ನಕ್ಕೆವು. ಬಿಚ್ಚಿ ನೋಡಿದರೆ ಎರಡು ಕಿಲೋ ಅಕ್ಕಿ, ರಾಗಿ ಹಿಟ್ಟು, ಒಣ ಅವರೆಕಾಳು, ಒಂದು ಸಣ್ಣ ಪಾತ್ರೆ, ಖಾರದ ಪುಡಿ, ಬೆಂಕಿಪೊಟ್ಟಣ, ಮೇಣದಬತ್ತಿ, ಆರು ಸೀರೆ, ಎಲ್ಲರಿಗೂ ಒಂದೊಂದು ಸ್ವೆಟರು, ಕಿವಿಗೆ ಕಟ್ಟುವ ಮಫ್ಲರು, ಬಿಸಿನೀರಿನ ಫ್ಲಾಸ್ಕು, ಹಳೆ ಬಟ್ಟೆಯ ತುಂಡುಗಳು, ನೀಲಗಿರಿ ಎಣ್ಣೆ, ಅಡಿಯಲ್ಲಿ ಮಡಚಿಟ್ಟ ಒಂದು ಬಿಳಿ ದುಪ್ಪಟಿ.

ಮಗಳು ತಲೆಗೆ ಕೈ ಇಟ್ಟಳು. "ಅವ್ವೆ, ಉಡುಪಿಗೆ ಹೋಗ್ತಿರೋದು. ಊರೂರಿಗೆಲ್ಲ ಅಡುಗೆ ಮಾಡಿ ಬಡಿಸಿದ ಊರು ಅದು. ಅಲ್ಲಿಗೆ ಅಕ್ಕಿ ಹೊತ್ಕೊಂಡು ಹೋಗ್ತೀಯಾ?" ಅಕ್ಕಿ ಹೊರಗೆ ಬಂತು. ಪಾತ್ರೆ ಬಂತು. ಆರು ಸೀರೆ ಮೂರಾಯಿತು.

ಸೀರೆ ವಿಚಾರದಲ್ಲಿ ಹೆಂಡತಿ ಸುಮ್ಮನೆ ಒಪ್ಪಲಿಲ್ಲ. "ಒಗೆದರೆ ಒಣಗಬೇಡವಾ?" ಅಂತ ಕೇಳಿದಳು. ಇದು ದಡ್ಡತನದ ಮಾತಲ್ಲ. ನಮ್ಮ ಬೆಟ್ಟದಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗೋಕೆ ಮೂರು ನಾಲ್ಕು ದಿನ ಬೇಕು. ಮಂಜು ಒಳಗೇ ಬಂದು ಕೂತಿರುತ್ತದೆ. ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಬಟ್ಟೆಗೆಲ್ಲ ಹೊಗೆ ವಾಸನೆ. ಇಲ್ಲಿ ಹುಟ್ಟಿ ಬೆಳೆದವಳು ಐದು ದಿನಕ್ಕೆ ಆರು ಸೀರೆ ಇಟ್ಟುಕೊಂಡರೆ ಅದು ಆಸೆಯಲ್ಲ, ಲೆಕ್ಕ. ಆದರೆ ಕರಾವಳಿಯ ಬಿಸಿಲಿನ ಲೆಕ್ಕ ಬೇರೆ. ಅಲ್ಲಿ ಹೋಗಿ ನೋಡಿದ ಮೇಲೆ ನಮಗೇ ಗೊತ್ತಾಯಿತು, ಬೆಳಿಗ್ಗೆ ಹಿಂಡಿ ಹಾಕಿದ ನೂಲು ಸೀರೆ ಊಟದ ಹೊತ್ತಿಗೆ ಗರಿಗರಿ. ಎಷ್ಟು ಬಟ್ಟೆ ಬೇಕು ಅನ್ನೋದು ಎಷ್ಟು ದಿನ ಅನ್ನೋದರ ಮೇಲೆ ಇಲ್ಲ, ಎಷ್ಟು ಬೇಗ ಒಣಗುತ್ತೆ ಅನ್ನೋದರ ಮೇಲಿದೆ. ಮೈಮೇಲೆ ಒಂದು, ಹಗ್ಗದ ಮೇಲೆ ಒಂದು, ಚೀಲದಲ್ಲಿ ಒಂದು. ಮೂರೇ ಸಾಕು. ಒಂದು ಮಾತು ನೆನಪಿರಲಿ: ಕಡಲ ನೀರಲ್ಲಿ ನೆನೆದದ್ದನ್ನು ಹಾಗೇ ಒಣಗಿಸಬಾರದು. ಉಪ್ಪು ಉಳಿದರೆ ಬಟ್ಟೆ ರಾತ್ರಿ ಮತ್ತೆ ತೇವ ಎಳೆದುಕೊಳ್ಳುತ್ತದೆ, ಮೈಯೂ ಕೆರೆಯುತ್ತದೆ. ಒಂದು ಬಕೆಟ್ ಸಿಹಿನೀರಲ್ಲಿ ಅದ್ದಿ ಹಿಂಡಬೇಕು.

ಆಮೇಲೆ ಮಗಳು ಸ್ವೆಟರುಗಳನ್ನು ತೆಗೆದಳು. ಮಕ್ಕಳದೂ ಸೇರಿ ಐದೂ ಬೀರುವಿಗೆ ಹೋದವು. ಕೊನೆಗೆ ದುಪ್ಪಟಿಗೆ ಕೈ ಹಾಕಿದಳು. ನಾನೂ ನಗುತ್ತಾ ನಗುತ್ತಾ ಹೇಳಿಬಿಟ್ಟೆ, "ಆ ಸೆಕೆಗೆ ದುಪ್ಪಟಿ ಯಾಕೆ?"

ಮಾತು ಬಾಯಿಂದ ಹೊರಬಿದ್ದ ಕೂಡಲೇ ನನಗೆ ಅದು ಹಳೇ ಮಾತು ಅಂತ ಗೊತ್ತಾಯಿತು. ಇದೇ ಜಗಲಿಯಲ್ಲಿ, ಇದೇ ದುಪ್ಪಟಿ ಬಗ್ಗೆ, ಇವಳಿಗೇ ಹೇಳಿದ್ದೆ. ಹೆಂಡತಿ ನನ್ನ ಮುಖ ನೋಡಲಿಲ್ಲ. ಚೀಲದ ಜಿಪ್ಪು ಎಳೆಯುತ್ತಾ ಕೂತಳು.

2009ರ ನವೆಂಬರ್ ತಿಂಗಳು ನೀಲಗಿರಿಯವರಿಗೆ ಯಾರಿಗೂ ಮರೆಯೋದಿಲ್ಲ. ಕೇತಿಯಲ್ಲಿ ಒಂದೇ ದಿನದಲ್ಲಿ 820 ಮಿಲಿಮೀಟರ್ ಮಳೆ ಬಿದ್ದಿತ್ತು. ಕುನ್ನೂರು, ಊಟಿ, ಕೋತಗಿರಿ ಕಡೆ ನೂರಾರು ಜಾಗದಲ್ಲಿ ಗುಡ್ಡ ಕುಸಿಯಿತು. ನಲವತ್ತಕ್ಕೂ ಹೆಚ್ಚು ಜನ ಸತ್ತರು. ಆ ಮಳೆ ಜೋರಾಗುವ ಮುಂಚಿನ ದಿನ ನನ್ನ ಅವ್ವೆಗೆ ಎದೆಯಲ್ಲಿ ಕಫ ಕಟ್ಟಿ ಉಸಿರು ಎಳೆಯೋಕೆ ಕಷ್ಟವಾಯಿತು. ಕೊಯಮತ್ತೂರಿಗೆ ಕರೆದುಕೊಂಡು ಹೋಗಿ ಅಂದರು. ಜೀಪು ಬಂದು ನಿಂತಿತ್ತು. ಹೆಂಡತಿ ಅವ್ವೆಯ ಬಟ್ಟೆ, ತಟ್ಟೆ, ಲೋಟ ತುಂಬಿ, ಮೇಲೆ ಈ ದುಪ್ಪಟಿ ಇಟ್ಟಳು. ಅವ್ವೆ ಇದನ್ನು ಹೊದೆಯದೆ ಮಲಗಿದವಳಲ್ಲ. ನಾನು ಅವಸರದಲ್ಲಿದ್ದೆ. "ಕೊಯಮತ್ತೂರಿನ ಸೆಕೆಗೆ ದುಪ್ಪಟಿ ಯಾಕೆ? ನಾಳೆ ಬಂದುಬಿಡ್ತೀವಿ" ಅಂತ ತೆಗೆದು ಜಗಲಿ ಮೇಲೆ ಹಾಕಿದೆ. ಚೀಲ ಹಗುರ ಮಾಡಿದ ಜಂಬ ಬೇರೆ.

ನಾಳೆ ಬರಲಿಲ್ಲ. ರಸ್ತೆ ಮೇಲೆ ಮಣ್ಣು, ಮರ. ಬಸ್ಸು ನಿಂತಿತು. ಫೋನು ಸಿಗಲಿಲ್ಲ. ಊರಲ್ಲಿ ಹೆಂಡತಿ ಮಕ್ಕಳು ಹೇಗಿದ್ದಾರೋ ಅಂತ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಅವ್ವೆಗೆ ಜ್ವರದ ಚಳಿ. ಅಲ್ಲಿಯವರು ಕಂಬಳಿ ಕೊಟ್ಟಿದ್ದರು, ನೋಡಿಕೊಂಡಿದ್ದರು, ಅವರ ಮೇಲೆ ನನ್ನದೇನೂ ದೂರಿಲ್ಲ. ಆದರೆ ಅವ್ವೆ ಆ ಕಂಬಳಿಯ ಅಂಚನ್ನು ಬೆರಳಲ್ಲಿ ಸವರಿ ಸವರಿ ನೋಡಿ, "ಇದು ನಂದಲ್ಲ, ನನ್ನ ದುಪ್ಪಟಿ ಎಲ್ಲಿ?" ಅನ್ನುತ್ತಿದ್ದಳು. "ಬರ್ತಿದೆ ಅವ್ವೆ, ತರ್ತಿದ್ದಾರೆ" ಅಂತ ನಾಲ್ಕು ದಿನ ಸುಳ್ಳು ಹೇಳಿದೆ. ಐದನೇ ದಿನ ಬೆಳಗಿನ ಜಾವ ಅವಳು ಕೇಳಲಿಲ್ಲ.

ಊರಿಗೆ ಕರೆತಂದಾಗ ಅದು ಜಗಲಿಯ ಮೇಲೆ ಮಡಚಿ ಇಟ್ಟಿತ್ತು. ಹೆಂಡತಿ ನನಗೆ ಒಂದು ಮಾತೂ ಅನ್ನಲಿಲ್ಲ. ಆಗಲೂ ಅನ್ನಲಿಲ್ಲ, ಹದಿನೈದು ವರ್ಷ ದಾಟಿದರೂ ಅನ್ನಲಿಲ್ಲ. ನಾನೂ ಆ ಮಾತು ಎತ್ತಿದವನಲ್ಲ. ಎಷ್ಟೋ ಸಾವಿನ ಮನೆಯಲ್ಲಿ ಹಾಡಿ ಜನರನ್ನು ಅಳಿಸಿದ್ದೇನೆ, ಇದನ್ನು ಮಾತ್ರ ಹಾಡಿಗೂ ತಂದಿಲ್ಲ. ಆದರೆ ಅಲ್ಲಿಂದ ಈಚೆಗೆ ಅವಳು ಎಲ್ಲಿಗೆ ಹೊರಟರೂ ಎಲ್ಲವನ್ನೂ ಕಟ್ಟುತ್ತಾಳೆ. ಮಗಳ ಬಾಣಂತನಕ್ಕೆ ಹೋದಾಗ, ನನ್ನ ಕಣ್ಣಿನ ಆಪರೇಷನ್ನಿಗೆ ಹೋದಾಗ, ಕೋತಗಿರಿ ಸಂತೆಗೆ ಹೋದಾಗಲೂ. ನಾವು ಅದನ್ನು ಅಜ್ಜಿಯ ಚಟ ಅಂತ ತಮಾಷೆ ಮಾಡುತ್ತಿದ್ದೆವು. ಅವಳು ಜೀವನದಲ್ಲಿ ಚೀಲ ಕಟ್ಟಿದ್ದು ಮೂರಕ್ಕೇ: ಹೆರಿಗೆ, ಆಸ್ಪತ್ರೆ, ಸಾವಿನ ಮನೆ. ಸುಮ್ಮನೆ ಸಂತೋಷಕ್ಕೆ ಹೋಗೋಕೆ ಚೀಲ ಹೇಗೆ ಕಟ್ಟಬೇಕು ಅಂತ ಅವಳಿಗೆ ಯಾರು ಹೇಳಿಕೊಟ್ಟಿದ್ದರು?

ಮಗಳ ಕೈಯಿಂದ ದುಪ್ಪಟಿ ತೆಗೆದುಕೊಂಡೆ. "ಇದನ್ನು ನನ್ನ ಚೀಲದಲ್ಲಿ ಇಡು" ಅಂದೆ. ತಕ್ಕಡಿಗೆ ಹಾಕಿದರು, ನನ್ನ ಚೀಲ ನಾಲ್ಕೂಕಾಲು ಆಯಿತು. ಹೆಂಡತಿಯದು ಎಂಟಕ್ಕೆ ಇಳಿಯಿತು. "ತಾತ, ನೀನ್ಯಾಕೆ ಅಜ್ಜಿಯದು ಹೊರೋದು, ಕಾನೂನು ಇದೆಯಲ್ಲ" ಅಂತ ಹುಡುಗಿ ಕೇಳಿದಳು. "ಇದು ಅಜ್ಜಿಯದಲ್ಲ, ನನ್ನದೇ" ಅಂದೆ.

ಬೆಟ್ಟದವರು ಭಾರ ಹೊತ್ತವರೇ. ನಮ್ಮ ಹಿರಿಯರು ಮೈಸೂರು ಸೀಮೆ ಬಿಟ್ಟು, ಮೋಯಾರು ಹೊಳೆ ದಾಟಿ ಬೆಟ್ಟ ಹತ್ತಿದರು ಅಂತ ಹೇಳುತ್ತಾರೆ. ಬಡಗಣ ದಿಕ್ಕಿನಿಂದ ಬಂದವರಾದ್ದರಿಂದಲೇ ಬಡಗರು. ಅವರು ಏನನ್ನು ಹೊತ್ತು ತಂದರು, ಏನನ್ನು ಹೊಳೆಯಾಚೆ ಬಿಟ್ಟರು? ಬಿತ್ತನೆಕಾಳು ತಂದಿರಬೇಕು, ಮಾತು ತಂದರು, ಹಾಡು ತಂದರು. ಬಿಟ್ಟದ್ದರ ಪಟ್ಟಿ ಯಾರ ಹತ್ತಿರವೂ ಇಲ್ಲ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಸಾಹೇಬರು ಸಿರುಮುಗೈ ಕಡೆಯಿಂದ ನಮ್ಮ ದೇನಾಡು ದಾರಿ ಹಿಡಿದೇ ದಿಂಬಟ್ಟಿಗೆ ಹತ್ತಿ ಬಂದದ್ದು. ದೊರೆಗಳ ಹೊರೆ ಹೊರೋಕೆ ಬೇರೆ ಜನ ಇರುತ್ತಿದ್ದರು. ನಾನು ಹುಡುಗನಾಗಿದ್ದಾಗ ಮೂವತ್ತು ಕಿಲೋ ಎಲೆ ಬೆನ್ನಿಗೆ ಹಾಕಿಕೊಂಡು ಇದೇ ಇಳಿಜಾರಿನಲ್ಲಿ ಇಳಿದಿದ್ದೇನೆ. ಆದ್ದರಿಂದ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ: ಮನೆಯಲ್ಲಿ ಎತ್ತಿ ನೋಡಿದಾಗಿನ ತೂಕವೇ ಬೇರೆ, ಒಂದು ಮೈಲಿ ನಡೆದ ಮೇಲಿನ ತೂಕವೇ ಬೇರೆ. ಚೀಲ ಕಟ್ಟಿದ ಮೇಲೆ ಅದನ್ನು ಹೊತ್ತು ಮನೆಯ ಸುತ್ತ ಎರಡು ಸುತ್ತು ಬನ್ನಿ. ಆಮೇಲೆ ಬಿಚ್ಚಿ, ಏನು ತೆಗೆಯಬೇಕು ಅಂತ ಹೆಗಲೇ ಹೇಳುತ್ತದೆ.

ಕೋತಗಿರಿಯಿಂದ ಮೇಟ್ಟುಪಾಳ್ಯಕ್ಕೆ 33 ಕಿಲೋಮೀಟರ್ ಇಳಿಜಾರು. ಕುಂಜಪ್ಪನೆ ಚೆಕ್‌ಪೋಸ್ಟಿನ ಹತ್ತಿರ ಮೇಲೆ ಬರುವ ಪ್ರವಾಸಿಗರ ಕಾರುಗಳು ಸಾಲಾಗಿ ನಿಂತಿದ್ದವು. ನಮ್ಮ ಜಿಲ್ಲೆಯಲ್ಲಿ ಬಿಸಾಡುವ ಪ್ಲಾಸ್ಟಿಕ್ಕಿಗೆ, ಸಣ್ಣ ನೀರಿನ ಬಾಟಲಿಗೆ ನಿಷೇಧ ಇದೆ. ಕಾರುಗಳ ತಲೆ ಮೇಲೆ ಗಂಟು, ಒಳಗೆ ಗಂಟು, ಮಕ್ಕಳು ಗಂಟಿನ ಸಂದಿಯಲ್ಲಿ. ಪ್ರತಿ ವರ್ಷ ಅವರನ್ನು ನೋಡಿ ನಗುವವನು ನಾನು. ಈ ಸಲ ನಾನೇ ಪ್ರವಾಸಿಗ. ನಮ್ಮ ನೀರನ್ನು ಸ್ಟೀಲ್ ಬಾಟಲಿಯಲ್ಲಿ ತುಂಬಿಕೊಂಡಿದ್ದೆವು. ಭಾರವೇ, ಆದರೆ ನೀರು ಕುಡಿದಂತೆ ಹಗುರವಾಗುವ ಭಾರ. ದಾರಿಯಲ್ಲಿ ಮತ್ತೆ ತುಂಬಿಸಿಕೊಳ್ಳಬಹುದು.

ಆ ರಾತ್ರಿ ಕೊಯಮತ್ತೂರಿನಲ್ಲಿ ಬಂಧುಗಳ ಮನೆಯಲ್ಲಿ ಮಲಗಿ, ಬೆಳಗಿನ ರೈಲು ಹತ್ತಿದೆವು. ಪಾಲಕ್ಕಾಡಿನ ಬಯಲು, ಶೊರನೂರು, ಕೋಳಿಕ್ಕೋಡು, ಕಣ್ಣೂರು. ಒಂದರ ಹಿಂದೆ ಒಂದು ಅಗಲವಾದ ಹೊಳೆಗಳು. ಕಾಸರಗೋಡು ಸ್ಟೇಷನ್ನಿನ ಬೋರ್ಡಿನಲ್ಲಿ ಕನ್ನಡ ಅಕ್ಷರ ಕಂಡಾಗ ನನಗೆ ಮೈ ಜುಮ್ಮೆಂದಿತು. 1956ರಲ್ಲಿ ರಾಜ್ಯಗಳು ವಿಂಗಡಣೆಯಾದಾಗ ಕೇರಳಕ್ಕೆ ಸೇರಿದ ಊರು ಅದು. ನಾನು ತಮಿಳುನಾಡಿನಲ್ಲಿ ಕೂತು ಕನ್ನಡ ಓದುವವನು. ಗಡಿ ಆಚೆ ಸಿಕ್ಕಿಕೊಂಡವರಿಗೆ ಅಕ್ಷರವೇ ಹಗುರವಾದ ಆಸ್ತಿ. ಮಂಜೇಶ್ವರ ಬಂದಾಗ, "ಇದು ಗೋವಿಂದ ಪೈಗಳ ಊರು, ಮದ್ರಾಸ್ ಸರ್ಕಾರ 1949ರಲ್ಲಿ ಅವರಿಗೆ ರಾಷ್ಟ್ರಕವಿ ಅಂತ ಬಿರುದು ಕೊಟ್ಟಿತ್ತು" ಅಂತ ಮೊಮ್ಮಗಳಿಗೆ ಹೇಳಿದೆ. ಅವಳು ಕಿಟಕಿಯಿಂದ ತಲೆ ತಿರುಗಿಸದೆ, "ತಾತ, ಕಡಲು ಯಾವಾಗ ಪೂರ್ತಿ ಕಾಣುತ್ತೆ?" ಅಂದಳು.

ಸಂಜೆ ಮಲ್ಪೆಯಲ್ಲಿ ಪೂರ್ತಿ ಕಂಡಿತು.

ಮಕ್ಕಳು ಓಡಿದರು. ಅಳಿಯ ಅವರ ಹಿಂದೆ ಓಡಿದ. ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಣಮರಳಿನಲ್ಲೇ ನಿಂತಳು. ಎಷ್ಟೋ ಹೊತ್ತಾದ ಮೇಲೆ ಮೆಲ್ಲಗೆ ಹೋಗಿ, ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದುಕೊಂಡು ತೀರ್ಥದ ಹಾಗೆ ತಲೆಗೆ ಹಾಕಿಕೊಂಡಳು. ನಾಲಿಗೆಗೂ ಮುಟ್ಟಿಸಿ ನೋಡಿದಳು. "ಉಪ್ಪು ಅಂತಾರಲ್ಲ, ನಿಜ" ಅಂದಳು. ಮತ್ತೆ ಸುಮ್ಮನಿದ್ದು, "ಮಾಮಿ ಇದನ್ನು ನೋಡಲೇ ಇಲ್ಲ ಅಲ್ಲವಾ" ಅಂದಳು. ಅತ್ತೆಗೆ ನಮ್ಮಲ್ಲಿ ಮಾಮಿ ಅನ್ನೋದು. ಹೌದು ಅಂದೆ. ಅಷ್ಟೇ ನಾವು ಆಡಿದ ಮಾತು.

ಮೂರು ದಿನ ಚೆನ್ನಾಗಿ ಕಳೆಯಿತು. ಮಲ್ಪೆ ಬಂದರಿನಲ್ಲಿ ನೂರಾರು ಮೀನು ದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ಸಣ್ಣ ದೋಣಿಯಲ್ಲಿ ಹೋಗುವ ಒಬ್ಬರನ್ನು ಮಾತಾಡಿಸಿದೆ. ಕಡಲಿಗೆ ಹೋಗುವಾಗ ಏನು ಒಯ್ತೀರಿ ಅಂತ ಕೇಳಿದೆ. ನೀರು, ಅನ್ನ, ಬಲೆ ಅಂದರು. ಉಳಿದ ಜಾಗ ಮೀನಿಗೆ ಬೇಕಲ್ಲ ಅಂತ ನಕ್ಕರು. ಇದು ನಾನು ಕಲಿತ ದೊಡ್ಡ ಪಾಠ. ಹೋಗುವಾಗಲೇ ಚೀಲ ತುಂಬಿಬಿಟ್ಟರೆ ಬರುವಾಗ ತರುವುದಕ್ಕೆ ಜಾಗ ಎಲ್ಲಿ? ನಮ್ಮ ಮೊಮ್ಮಗ ಕಪ್ಪೆಚಿಪ್ಪು ಆರಿಸಿ ಆರಿಸಿ ಒಂದು ಕಿಲೋ ಮಾಡಿದ್ದ. ಹೆಂಡತಿ ಒಣಮೀನು ಕೊಂಡಳು.

ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋದೆವು. ಯಾರೋ ಕೆತ್ತಿ ನಿಲ್ಲಿಸಿದ ಹಾಗೆ ಆರು ಮೂಲೆಯ ಕಂಬದ ಕಲ್ಲುಗಳು. ಭೂಮಿಯೊಳಗಿನ ಬೆಂಕಿರಸ ತಣ್ಣಗಾಗುತ್ತಾ ಹಾಗೆ ಸೀಳಿಕೊಂಡದ್ದು, ಆಗ ನಮ್ಮ ನೆಲ ಮಡಗಾಸ್ಕರಿಗೆ ಅಂಟಿಕೊಂಡಿತ್ತು ಅಂತ ಅಳಿಯ ಹೇಳಿದ. ದೋಣಿ ಹತ್ತಿ ಇಳಿಯುವಾಗ ಎರಡೂ ಕೈ ಖಾಲಿ ಇರಬೇಕು. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಅಜ್ಜಿ. ಚೀಲ ಹಿಡಿದುಕೊಳ್ಳೋಕೆ ಮೂರನೇ ಕೈ ದೇವರು ಕೊಟ್ಟಿಲ್ಲ. ಅವತ್ತು ರೂಮಿನಲ್ಲೇ ಎಲ್ಲ ಬಿಟ್ಟು ಹೋದದ್ದು ಒಳ್ಳೆಯದಾಯಿತು. ಮಾತ್ರೆ, ಆಧಾರ್ ಕಾರ್ಡು, ದುಡ್ಡು ಇವಷ್ಟೇ ಸೊಂಟದ ಸಣ್ಣ ಚೀಲದಲ್ಲಿ. ಬಿಪಿ ಮಾತ್ರೆಯನ್ನು ದೊಡ್ಡ ಚೀಲದ ತಳದಲ್ಲಿ ಇಡುವವರು ಈ ಮಾತು ಗಮನಿಸಬೇಕು.

ಉಡುಪಿಯಲ್ಲಿ ಕೃಷ್ಣಮಠಕ್ಕೆ ಹೋಗಿ ಕನಕನ ಕಿಂಡಿಯ ಎದುರು ನಿಂತೆವು. ಒಳಗೆ ಬಿಡದ ಕನಕದಾಸರಿಗೆ ಕೃಷ್ಣ ತಿರುಗಿ ದರ್ಶನ ಕೊಟ್ಟ ಅನ್ನೋ ನಂಬಿಕೆಯನ್ನು ಮೊಮ್ಮಗನಿಗೆ ಹೇಳಿದೆ. ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ತಂಬೂರಿ, ಬಾಯಲ್ಲಿ ಹಾಡು ಅಂದೆ. "ಅವರ ಬ್ಯಾಗು?" ಅಂತ ಕೇಳಿದ. ಬ್ಯಾಗು ಇರಲಿಲ್ಲ ಅಂದೆ. "ಕಂಬಳಿ ಇತ್ತಲ್ಲ" ಅಂದಳು ನನ್ನ ಹೆಂಡತಿ ಹಿಂದಿನಿಂದ.

ನಾಲ್ಕನೇ ದಿನ ಮಗಳು ಅಳಿಯ ಮೈಸೂರು ಬಸ್ಸು ಹತ್ತಿದರು. ನಾವು ಇಬ್ಬರು ಮುದುಕರು, ಎರಡು ಮಕ್ಕಳು ರೈಲು ಹಿಡಿದು ಕೊಯಮತ್ತೂರು ಸೇರಿದಾಗ ಕತ್ತಲಾಗುತ್ತಿತ್ತು. ಬಂಧುಗಳ ಮನೆಗೆ ಹೋಗೋಣ ಅಂದರೆ ಮೊಮ್ಮಗ ನಮ್ಮನೆಗೇ ಹೋಗಬೇಕು ಅಂತ ಹಟ. ಮೇಟ್ಟುಪಾಳ್ಯಕ್ಕೆ ಬಂದು ರಾತ್ರಿಯ ಬಸ್ಸು ಹತ್ತಿದೆವು. ಕುಂಜಪ್ಪನೆ ದಾಟುತ್ತಿದ್ದ ಹಾಗೆ ಗುಡುಗು, ಬೇಸಿಗೆ ಮಳೆ. ನಮ್ಮ ಸೀಟಿನ ಕಿಟಕಿ ಪೂರ್ತಿ ಮುಚ್ಚಲಿಲ್ಲ. ಮಕ್ಕಳ ಮೈಮೇಲೆ ಕಡಲ ತೀರದ ತೆಳು ಅಂಗಿ. ಸ್ವೆಟರುಗಳು ಕೀಳ್ ಕೋತಗಿರಿಯ ಬೀರುವಿನಲ್ಲಿ ಬೆಚ್ಚಗಿದ್ದವು. ನಾವು ಐದು ಜನ ದೊಡ್ಡ ಬುದ್ಧಿವಂತರು ಜಗಲಿಯಲ್ಲಿ ಕೂತು ಮಲ್ಪೆಯ ಸೆಕೆ ಲೆಕ್ಕ ಹಾಕಿದ್ದೆವು. ಮರಳಿ ಬೆಟ್ಟ ಹತ್ತಬೇಕು ಅನ್ನೋದನ್ನು ಒಬ್ಬರೂ ಲೆಕ್ಕ ಹಾಕಿರಲಿಲ್ಲ. ಒಬ್ಬರೂ ಅಂದರೆ ಒಬ್ಬಳನ್ನು ಬಿಟ್ಟು.

ಹುಡುಗನ ಹಲ್ಲು ಕಟಕಟ ಅನ್ನತೊಡಗಿತು. ಹೆಂಡತಿ ನನ್ನ ಚೀಲದ ಕಡೆ ನೋಡಿದಳು. ಏನೂ ಹೇಳಲಿಲ್ಲ. ನಾನು ಬಿಚ್ಚಿದೆ. ಒಣಮೀನಿನ ಪೊಟ್ಟಣದ ಕೆಳಗೆ, ನೋಟ್‌ಬುಕ್ಕಿನ ಕೆಳಗೆ, ಮಡಿಕೆ ಮುರಿಯದೆ ದುಪ್ಪಟಿ ಇತ್ತು. ಎರಡು ಮಕ್ಕಳನ್ನು ಒತ್ತಾಗಿ ಕೂರಿಸಿ ಅದನ್ನು ಸುತ್ತಿದೆವು. ಅಂಚನ್ನು ಕಾಲಿನ ಕೆಳಗೆ ಸಿಕ್ಕಿಸಿದೆವು. ಮೂರನೇ ತಿರುವಿನ ಹೊತ್ತಿಗೆ ಇಬ್ಬರೂ ನಿದ್ದೆ. ಹುಡುಗ ನಿದ್ದೆಯಲ್ಲೇ ದುಪ್ಪಟಿಯ ಅಂಚನ್ನು ಬೆರಳಲ್ಲಿ ಸವರುತ್ತಿದ್ದ.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮಳೆ ಸದ್ದಿನಲ್ಲಿ ಬೇರೆಯವರಿಗೆ ಕೇಳುವ ಭಯವೂ ಇರಲಿಲ್ಲ. "ಅವತ್ತು ನಾನು ಇದನ್ನು ತೆಗೆದಿಡಬಾರದಿತ್ತು" ಅಂದೆ. ಅಷ್ಟು ವರ್ಷ ಹೇಳದ ಮಾತು ಅಷ್ಟೇ ಇತ್ತು, ಒಂದು ಸಾಲು. ಅವಳು ಹೊರಗಿನ ಕತ್ತಲು ನೋಡುತ್ತಾ, "ರಸ್ತೆ ಮುಚ್ಚುತ್ತೆ ಅಂತ ಯಾರಿಗೆ ಗೊತ್ತಿತ್ತು" ಅಂದಳು. ಆಮೇಲೆ, "ಆವಾಗಿಂದ ನಾನು ಏನು ಕಟ್ಟಿದರೂ ಇನ್ನೂ ಏನೋ ಬಿಟ್ಟಿದ್ದೀನಿ ಅನ್ನಿಸುತ್ತೆ" ಅಂದಳು. ನಾನು ತೆಗೆದು ಹಾಕಿದ ಒಂದೂಕಾಲು ಕಿಲೋವನ್ನು ಅವಳು ಪ್ರತಿ ಸಲ ಹತ್ತು ಕಿಲೋ ಮಾಡಿ ಹೊತ್ತಿದ್ದಾಳೆ ಅಂತ ನನಗೆ ಆ ಬಸ್ಸಿನಲ್ಲಿ ಗೊತ್ತಾಯಿತು.

ಕೋತಗಿರಿಯಲ್ಲಿ ತಮ್ಮನ ಮಗ ಜೀಪು ತಂದಿದ್ದ. ಮನೆ ಸೇರಿದಾಗ ನಡುರಾತ್ರಿ.

ಬೆಳಿಗ್ಗೆ ಮೊಮ್ಮಗಳು ಕಾನೂನು ಪ್ರಕಾರ ಮತ್ತೆ ತೂಕ ಹಾಕಿದಳು. ಮಕ್ಕಳ ಚೀಲ ಎರಡೂ ಏರಿದ್ದವು, ಚಿಪ್ಪು ಮತ್ತು ಮರಳು. ಆಮೇಲೆ ಬಳಸಿದ್ದು ಒಂದು ಕಡೆ, ಬಳಸದೇ ಬಂದದ್ದು ಒಂದು ಕಡೆ ಅಂತ ಚಾಪೆ ಮೇಲೆ ಎರಡು ಗುಡ್ಡೆ ಮಾಡಿದಳು. ಬಳಸದ ಗುಡ್ಡೆಯಲ್ಲಿ ಬೆಂಕಿಪೊಟ್ಟಣ, ಮೇಣದಬತ್ತಿ, ಮಫ್ಲರು, ರಾಗಿ ಹಿಟ್ಟು, ನನ್ನ ನೋಟ್‌ಬುಕ್ಕು. ಹೌದು, ನನ್ನ ನೋಟ್‌ಬುಕ್ಕು! ಕಡಲ ಎದುರು ಒಂದು ಅಕ್ಷರವೂ ಬರೆದಿರಲಿಲ್ಲ. ಬಳಸಿದ ಗುಡ್ಡೆಯಲ್ಲಿ ನೀಲಗಿರಿ ಎಣ್ಣೆ, ಹಳೆ ಬಟ್ಟೆಯ ತುಂಡು, ಫ್ಲಾಸ್ಕು, ದುಪ್ಪಟಿ. ಹೆಂಡತಿ ಎರಡೂ ಗುಡ್ಡೆ ನೋಡಿದಳು. ಮಫ್ಲರನ್ನು ತಾನೇ ಎತ್ತಿ, "ಇದು ಬೇಕಿರಲಿಲ್ಲ" ಅಂದಳು. ಅವಳ ಬಾಯಲ್ಲಿ ಆ ಮಾತು ಕೇಳಿದ್ದು ನಾನು ಮೊದಲ ಸಲ.

ಓದುವವರಿಗೆ ನನ್ನ ಅನುಭವದ ಮಾತು ಇಷ್ಟೇ. ಚೀಲ ಹಗುರ ಇರಬೇಕು, ಅದರಲ್ಲಿ ಅನುಮಾನ ಇಲ್ಲ. ಆದರೆ ಹೋಗುವ ಊರಿನ ಹವೆ ಮಾತ್ರ ನೋಡಿ ಕಟ್ಟಬೇಡಿ, ಮರಳಿ ಬರುವ ದಾರಿಯ ಹವೆಯನ್ನೂ ನೋಡಿ. ಇನ್ನೊಬ್ಬರು ಇಟ್ಟುಕೊಂಡದ್ದನ್ನು ನಕ್ಕು ತೆಗೆಯುವ ಮುಂಚೆ, ಯಾಕೆ ಇಟ್ಟೆ ಅಂತ ಒಂದು ಸಲ ಕೇಳಿ. ತೆಗೆಯಲೇಬೇಕಾದರೆ ಮೊದಲು ನಿಮ್ಮ ಚೀಲದಿಂದ ತೆಗೆಯಿರಿ.

ಮುಂದಿನ ರಜಕ್ಕೆ ಕನ್ಯಾಕುಮಾರಿ ಅಂತ ಮೊಮ್ಮಗಳು ಮೈಸೂರಿನಿಂದ ಫೋನು ಮಾಡಿದ್ದಾಳೆ. ತಕ್ಕಡಿ ತೊಲೆಯಲ್ಲಿ ತೂಗಾಡುತ್ತಿದೆ, ಈಗ ಅದರಲ್ಲಿ ಎಲೆ ಮೂಟೆ. ದುಪ್ಪಟಿಯನ್ನು ಹೆಂಡತಿ ಒಗೆದು ಹಾಕಿದ್ದಾಳೆ. ನಮ್ಮ ಬೆಟ್ಟದ ಮಂಜಲ್ಲವಾ, ಒಣಗೋಕೆ ಮೂರು ದಿನ ಬೇಕು.